ಮಾರ್ಟಿನ್ ಗ್ಯಾರಿಕ್ಸ್ 17ನೇ ವಯಸ್ಸಿಗೇ ಅಷ್ಟು ಮೇಲೆ ಹೋಗಿದ್ದು ಹೇಗೆ? ಒಂದೇ ಹಾಡಿನ ಅದೃಷ್ಟವಾ?

ಲೂಪ್_ಹುಡುಗ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ನಾನು ಸೆಕೆಂಡ್ ಪಿಯುಸಿ ಓದುತ್ತಿದ್ದೇನೆ. ಅಣ್ಣನ ಹಳೇ ಲ್ಯಾಪ್‌ಟಾಪಿನಲ್ಲಿ ಎಫ್‌ಎಲ್ ಸ್ಟುಡಿಯೋ ಅನ್ನುವ ಮ್ಯೂಸಿಕ್ ಮಾಡುವ ಸಾಫ್ಟ್‌ವೇರ್ ಹಾಕಿಕೊಂಡು ರಾತ್ರಿ ಹೊತ್ತು ಟ್ರ್ಯಾಕ್ ಮಾಡುತ್ತೇನೆ. ಇಡಿಎಂ, ಅಂದರೆ ಕುಣಿಯುವ ಎಲೆಕ್ಟ್ರಾನಿಕ್ ಮ್ಯೂಸಿಕ್ಕಿನ ಹುಚ್ಚು ಹಿಡಿಸಿದ್ದೇ ನೆದರ್‌ಲ್ಯಾಂಡ್ಸ್‌ನ ಡಿಜೆ ಮಾರ್ಟಿನ್ ಗ್ಯಾರಿಕ್ಸ್. ಅವನ ‘ಅನಿಮಲ್ಸ್’ ಹಾಡು ಬಂದಾಗ ಅವನಿಗೆ 17 ವರ್ಷ ಅಂತ ಗೊತ್ತಾದ ದಿನದಿಂದ ತಲೆಯಲ್ಲಿ ಒಂದೇ ಪ್ರಶ್ನೆ ಸುತ್ತುತ್ತಿದೆ, ಯಾಕೆಂದರೆ ನನಗೂ ಈಗ 17.

ನನ್ನ ಮಾವನ ಮಗ ಹೇಳುತ್ತಾನೆ, ಅದು ಸುಮ್ನೆ ಲಾಟರಿ, ಒಂದು ಹಾಡು ಕ್ಲಿಕ್ ಆಯ್ತು ಅಷ್ಟೇ ಅಂತ. ಯೂಟ್ಯೂಬ್ ಕಾಮೆಂಟುಗಳಲ್ಲಿ ನೋಡಿದರೆ ಇನ್ನು ಕೆಲವರು ಇದೆಲ್ಲಾ ರೆಕಾರ್ಡ್ ಕಂಪನಿಯವರು ಎತ್ತಿ ನಿಲ್ಲಿಸಿದ್ದು ಅನ್ನುತ್ತಾರೆ. ಯಾವುದನ್ನು ನಂಬಬೇಕು?

ನನಗೆ ನಿಜವಾಗಿ ತಿಳಿಯಬೇಕಾಗಿರುವುದು ಇಷ್ಟು. ಆ ಹಾಡಿಗೆ ಮುಂಚೆ ಅವನು ಏನು ಮಾಡುತ್ತಿದ್ದ? ಮ್ಯೂಸಿಕ್ ಓದಿದ್ದನಾ? ಇಷ್ಟೊಂದು ದೊಡ್ಡ ಡಿಜೆಗಳು ನೆದರ್‌ಲ್ಯಾಂಡ್ಸ್‌ನಿಂದಲೇ ಯಾಕೆ ಬರುತ್ತಾರೆ? ನನ್ನ ಟ್ರ್ಯಾಕುಗಳೆಲ್ಲಾ ಎಂಟು ಬಾರ್, ಅಂದರೆ ಎಂಟು ತಾಳದಾವರ್ತದ ಲೂಪಿನಲ್ಲೇ ಸುತ್ತುತ್ತಾ ನಿಂತುಬಿಡುತ್ತವೆ, ಮುಂದಕ್ಕೇ ಹೋಗುವುದಿಲ್ಲ. ಗೊತ್ತಿರುವವರು ದಯವಿಟ್ಟು ಹೇಳಿ.

ಬೀಟ್_ಬಸಣ್ಣ (ಹುಬ್ಬಳ್ಳಿ)

ತಮ್ಮಾ, ನಿನ್ನ ಮಾವನ ಮಗನಿಗೆ ಈ ಉತ್ತರವನ್ನೇ ತೋರಿಸು.

ಹುಡುಗನ ನಿಜವಾದ ಹೆಸರು ಮಾರ್ಟೈನ್ ಗ್ಯಾರಿಟ್ಸನ್. ಹುಟ್ಟಿದ್ದು 1996ರ ಮೇ 14, ಆಮ್‌ಸ್ಟರ್‌ಡ್ಯಾಮ್ ಪಕ್ಕದ ಆಮ್‌ಸ್ಟೆಲ್ವೀನ್ ಊರಲ್ಲಿ. ಎಂಟು ವರ್ಷಕ್ಕೆ ಗಿಟಾರ್ ಹಿಡಿದ. ಅದೇ ವರ್ಷ, ಅಂದರೆ 2004ರಲ್ಲಿ, ಅಥೆನ್ಸ್ ಒಲಿಂಪಿಕ್ಸ್ ಉದ್ಘಾಟನೆ. ಎಲ್ಲಾ ದೇಶದ ಆಟಗಾರರು ಮೈದಾನಕ್ಕೆ ನಡೆದು ಬರುವಾಗ ಮ್ಯೂಸಿಕ್ ನುಡಿಸಿದ್ದು ಟಿಯೆಸ್ಟೊ, ಅವನೂ ಡಚ್ಚಿನವನೇ, ಬ್ರೆಡಾ ಊರಿನವನು. ಅದನ್ನು ಟಿವಿಯಲ್ಲಿ ನೋಡಿದ ಮೇಲೆ ತಾನೂ ಡಿಜೆ ಆಗಬೇಕು ಅನ್ನಿಸಿತು ಅಂತ ಮಾರ್ಟಿನ್ ಎಷ್ಟೋ ಕಡೆ ಹೇಳಿದ್ದಾನೆ. ಆಮೇಲೆ ನೀನು ಹಾಕಿಕೊಂಡಿರುವ ಅದೇ ಎಫ್‌ಎಲ್ ಸ್ಟುಡಿಯೋದಲ್ಲೇ ಶುರು ಮಾಡಿದ. ಅದು ಪಕ್ಕದ ಬೆಲ್ಜಿಯಂನವರು ಮಾಡಿದ ಸಾಫ್ಟ್‌ವೇರ್. ಅದರ ಹಳೇ ಹೆಸರು ಫ್ರೂಟಿ ಲೂಪ್ಸ್.

ಈಗ ಲೆಕ್ಕ ಹಾಕು. 2004ರಿಂದ 2013. ಒಂಬತ್ತು ವರ್ಷ. ಯಾವ ಲಾಟರಿ ಟಿಕೆಟಿಗೆ ಒಂಬತ್ತು ವರ್ಷ ದುಡ್ಡು ಕಟ್ಟುತ್ತಾರೆ?

2012 ಅವನಿಗೆ ಬಹಳ ಮುಖ್ಯವಾದ ವರ್ಷ, ಆದರೆ ಅದರ ಬಗ್ಗೆ ಯಾರೂ ಮಾತೇ ಆಡುವುದಿಲ್ಲ. ಆ ವರ್ಷ ಜೂಲಿಯನ್ ಜೋರ್ಡನ್ ಜೊತೆ ‘ಬಿಎಫ್‌ಎಎಂ’, ಟಿವಿ ನಾಯ್ಸ್ ಜೊತೆ ‘ಜಸ್ಟ್ ಸಮ್ ಲೂಪ್ಸ್’ ಬಂದವು. ಕ್ರಿಸ್ಟಿನಾ ಅಗಿಲೆರಾ ಹಾಡಿಗೆ ಅವನು ಮಾಡಿದ ರೀಮಿಕ್ಸ್ ಆಕೆಯ ಆಲ್ಬಮ್ಮಿನ ಡೀಲಕ್ಸ್ ಆವೃತ್ತಿಯಲ್ಲೇ ಸೇರಿತು. ಆಗ ಅವನಿಗೆ 16. ಈ ಹಾಡುಗಳಲ್ಲಿ ಒಂದೂ ‘ಅನಿಮಲ್ಸ್’ ಅಷ್ಟು ಓಡಲಿಲ್ಲ. ಆದರೆ ಎಲ್ಲವೂ ಮುಗಿದ ಹಾಡುಗಳು, ಬಿಡುಗಡೆಯಾದ ಹಾಡುಗಳು. ಗಮನಿಸು, ಆ ಎರಡು ಸ್ವಂತ ಹಾಡುಗಳಲ್ಲೂ ಜೊತೆಗೆ ಇನ್ನೊಬ್ಬ ಇದ್ದಾನೆ. ಇನ್ನೊಬ್ಬ ಕಾಯುತ್ತಿದ್ದಾನೆ ಅಂದರೆ ಎಂಟು ಬಾರಿನಲ್ಲಿ ನಿಲ್ಲಿಸೋಕೆ ಆಗಲ್ಲ, ಮುಗಿಸಲೇಬೇಕಾಗುತ್ತದೆ. ನಿನ್ನ ಕೊನೆಯ ಪ್ರಶ್ನೆಗೆ ನನ್ನ ಉತ್ತರ ಇದೇ: ಜೊತೆಗೆ ಕೂತು ಮಾಡುವವನೊಬ್ಬನನ್ನು ಹುಡುಕು.

‘ಅನಿಮಲ್ಸ್’ 2013ರ ಜೂನ್‌ನಲ್ಲಿ ಸ್ಪಿನ್ನಿನ್ ರೆಕಾರ್ಡ್ಸ್ ಅನ್ನುವ ಡಚ್ ಕಂಪನಿಯಿಂದ ಬಂತು. ಅವನಿಗೆ 17 ತುಂಬಿ ಇನ್ನೂ ಒಂದು ತಿಂಗಳು. ಅದಕ್ಕೂ ಮುಂಚೆ ದೊಡ್ಡ ದೊಡ್ಡ ಡಿಜೆಗಳು ತಮ್ಮ ಸೆಟ್ಟುಗಳಲ್ಲಿ ಅದನ್ನು ನುಡಿಸುತ್ತಿದ್ದರು. ಯಾರ ಹಾಡು ಅಂತ ಕಂಪನಿ ಬಾಯಿ ಬಿಟ್ಟಿರಲಿಲ್ಲ. ಜನ ದೊಡ್ಡ ಹೆಸರುಗಳನ್ನೆಲ್ಲಾ ಊಹಿಸಿದರು. ಕೊನೆಗೆ ನೋಡಿದರೆ ಶಾಲೆ ಮುಗಿಸುತ್ತಿರುವ ಹುಡುಗ! ಡಿಜೆಗಳು ಹಾಡು ಕೊಳ್ಳುವ ಆನ್‌ಲೈನ್ ಅಂಗಡಿ ಬೀಟ್‌ಪೋರ್ಟ್‌ನಲ್ಲಿ ನಂಬರ್ 1 ಆದ ಅತಿ ಚಿಕ್ಕ ವಯಸ್ಸಿನವನು ಅನ್ನುವ ಹೆಸರು ಬಂತು. ಬೆಲ್ಜಿಯಂನಲ್ಲಿ ನಂಬರ್ 1, ನವೆಂಬರ್‌ನಲ್ಲಿ ಬ್ರಿಟನ್‌ನಲ್ಲೂ ನಂಬರ್ 1. ಅದೇ ವರ್ಷ ಜಸ್ಟಿನ್ ಬೀಬರ್ ಮ್ಯಾನೇಜರ್ ಸ್ಕೂಟರ್ ಬ್ರಾನ್ ಇವನ ಜೊತೆ ಒಪ್ಪಂದ ಮಾಡಿಕೊಂಡ. 2014ರ ಮಾರ್ಚ್‌ನಲ್ಲಿ ಮಿಯಾಮಿಯ ಅಲ್ಟ್ರಾ ಹಬ್ಬದ ಮುಖ್ಯ ವೇದಿಕೆ ಹತ್ತಿದಾಗಲೂ ಅವನಿಗೆ 18 ಆಗಿರಲಿಲ್ಲ.

ಅದೃಷ್ಟ ಇಲ್ಲವೇ ಇಲ್ಲ ಅಂತ ನಾನು ಹೇಳಲ್ಲ. ಆದರೆ ಅದು ಬಾಗಿಲು ತಟ್ಟಿದಾಗ ಕೈಯಲ್ಲಿ ಮುಗಿದ ಹಾಡು ಇತ್ತಲ್ಲ, ಅದನ್ನು ನೋಡು.

ಆಮ್‌ಸ್ಟೆಲ್ವೀನ್_ಕನ್ನಡತಿ

ನನ್ನ ಊರಿನ ಹೆಸರು ಇಲ್ಲಿ ಬಂದಿದ್ದು ನೋಡಿ ಖುಷಿಯಾಯಿತು. ನಾನು ಮೂಲ ಮೈಸೂರಿನವಳು. ಗಂಡನ ಕೆಲಸದ ಮೇಲೆ ಬಂದು ಈಗ ಆಮ್‌ಸ್ಟೆಲ್ವೀನ್‌ನಲ್ಲೇ ಇದ್ದೇವೆ. ಇಲ್ಲಿ ಭಾರತೀಯರು ತುಂಬಾ ಜನ ಇದ್ದಾರೆ, ಕನ್ನಡ ಕಿವಿಗೆ ಬೀಳುವುದು ಅಪರೂಪವೇನಲ್ಲ. ಶಿಪೋಲ್ ವಿಮಾನ ನಿಲ್ದಾಣ ಪಕ್ಕದಲ್ಲೇ. ಶಾಂತವಾದ ಊರು, ಸಾಲು ಮನೆಗಳು, ಒಂದು ದೊಡ್ಡ ಕಾಡುತೋಪು, ಎಲ್ಲಿ ನೋಡಿದರೂ ಸೈಕಲ್ಲು. ಇದನ್ನು ನೋಡಿದರೆ ಪ್ರಪಂಚ ಕುಣಿಸುವ ಡಿಜೆ ಇಲ್ಲಿಂದ ಬಂದ ಅಂತ ಯಾರೂ ಅಂದುಕೊಳ್ಳುವುದಿಲ್ಲ.

ಓದಿನ ಬಗ್ಗೆ ಕೇಳಿದಿರಲ್ಲ, ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಇಲ್ಲಿ ಮಕ್ಕಳಿಗೆ 12 ವರ್ಷ ಆಗುವ ಹೊತ್ತಿಗೆ ಯಾವ ದಾರಿಯ ಶಾಲೆ ಅಂತ ತೀರ್ಮಾನ ಆಗುತ್ತದೆ. ಕೆಲವರು ವಿಶ್ವವಿದ್ಯಾಲಯದ ಕಡೆಗೆ, ಕೆಲವರು ಕೆಲಸ ಕಲಿಸುವ ಶಾಲೆಗಳ ಕಡೆಗೆ. ಆ ಕೆಲಸ ಕಲಿಸುವ ಶಾಲೆಗಳಿಗೆ ಎಂಬಿಒ ಅನ್ನುತ್ತಾರೆ. ಅಡುಗೆ, ಮರಗೆಲಸ, ನರ್ಸಿಂಗ್ ಕಲಿಸುವ ಹಾಗೆಯೇ ಪಾಪ್ ಮ್ಯೂಸಿಕ್ಕನ್ನೂ ಒಂದು ಕಸುಬಾಗಿ ಕಲಿಸುತ್ತಾರೆ. ಉಟ್ರೆಕ್ಟ್ ನಗರದ ಹೆರ್ಮನ್ ಬ್ರೂಡ್ ಅಕಾಡೆಮಿ ಅಂಥ ಒಂದು ಶಾಲೆ. ಒಬ್ಬ ಡಚ್ ರಾಕ್ ಗಾಯಕನ ಹೆಸರನ್ನೇ ಶಾಲೆಗೆ ಇಟ್ಟಿದ್ದಾರೆ. ಮಾರ್ಟಿನ್ ಓದಿದ್ದು ಅಲ್ಲಿ, ಮುಗಿಸಿದ್ದು 2013ರಲ್ಲಿ, ಅಂದರೆ ‘ಅನಿಮಲ್ಸ್’ ಬಂದ ವರ್ಷವೇ. ಇದು ನನಗೆ ಬಹಳ ದೊಡ್ಡ ವಿಷಯ ಅನ್ನಿಸುತ್ತದೆ. 15, 16 ವರ್ಷದ ಹುಡುಗನಿಗೆ ಮ್ಯೂಸಿಕ್ ಮಾಡುವುದೇ ಶಾಲೆ. ಹೋಂವರ್ಕ್ ಮುಗಿಸಿ ಕದ್ದು ಮಾಡಬೇಕಾದ ಹವ್ಯಾಸ ಅಲ್ಲ. ಪಕ್ಕದ ಬೆಂಚಿನವರೂ ಅದನ್ನೇ ಮಾಡುತ್ತಿರುತ್ತಾರೆ. ಬಸಣ್ಣ ಅವರು ಹೇಳಿದ ಆ ಜೊತೆಗಾರರನ್ನು ಹುಡುಕುವುದು ಅಂಥ ಜಾಗದಲ್ಲಿ ಸುಲಭ, ಅಲ್ವಾ?

ಇನ್ನು ನೆದರ್‌ಲ್ಯಾಂಡ್ಸ್ ಯಾಕೆ ಅನ್ನುವ ಪ್ರಶ್ನೆ. ಈ ದೇಶ ನಮ್ಮ ಕರ್ನಾಟಕದ ಕಾಲು ಭಾಗಕ್ಕಿಂತ ಚಿಕ್ಕದು, ಜನ ಸುಮಾರು 1.8 ಕೋಟಿ. ಉಟ್ರೆಕ್ಟ್‌ನಿಂದ ಆಮ್‌ಸ್ಟರ್‌ಡ್ಯಾಮ್‌ಗೆ ರೈಲಿನಲ್ಲಿ ಅರ್ಧ ಗಂಟೆ ಸಾಕು. ಶಾಲೆ ಒಂದು ಊರಲ್ಲಿ, ರೆಕಾರ್ಡ್ ಕಂಪನಿ ಇನ್ನೊಂದು ಊರಲ್ಲಿ, ಕ್ಲಬ್ಬು ಮತ್ತೊಂದು ಊರಲ್ಲಿ ಇದ್ದರೂ ಒಂದೇ ದಿನ ಎಲ್ಲಾ ಕಡೆ ಹೋಗಿ ಬರಬಹುದು. ಆಗ ಸ್ಪಿನ್ನಿನ್ ಇದ್ದ ಹಿಲ್ವರ್ಸಮ್ ಈ ದೇಶದ ರೇಡಿಯೋ, ಟಿವಿಯವರೆಲ್ಲಾ ಇರುವ ಪಟ್ಟಣ.

ಮಾರ್ಟಿನ್ ಹುಟ್ಟುವ ಮೊದಲೇ ಇಲ್ಲಿ ಇದೆಲ್ಲಾ ಬೇರು ಬಿಟ್ಟಿತ್ತು. ರಾಟರ್‌ಡ್ಯಾಮ್ ಕಡೆ ಗ್ಯಾಬರ್ ಅನ್ನುವ ವಿಪರೀತ ವೇಗದ ಮ್ಯೂಸಿಕ್ಕಿಗೆ ಹುಡುಗರು ಕುಣಿಯುತ್ತಿದ್ದ ಕಾಲ ಅದು. ಮಿಸ್ಟರಿಲ್ಯಾಂಡ್ ಹಬ್ಬ 1993ರಲ್ಲಿ ಶುರುವಾಯಿತು. ಆಮ್‌ಸ್ಟರ್‌ಡ್ಯಾಮ್ ಡ್ಯಾನ್ಸ್ ಈವೆಂಟ್, ಇಲ್ಲಿಯವರ ಬಾಯಲ್ಲಿ ಬರೀ ಎಡಿಇ, ಶುರುವಾಗಿದ್ದು 1996ರಲ್ಲಿ. ಹುಡುಗ ಹುಟ್ಟಿದ ವರ್ಷವೇ. ಪ್ರತಿ ಅಕ್ಟೋಬರ್‌ನಲ್ಲಿ ಹಗಲೆಲ್ಲಾ ಕಂಪನಿಯವರ ಸಭೆ, ರಾತ್ರಿಯೆಲ್ಲಾ ಕುಣಿತ. ಆ ವಾರ ಟ್ರಾಮ್ ಹತ್ತಿದರೆ ಅರ್ಧ ಜನರ ಕೊರಳಲ್ಲಿ ಎಡಿಇ ಪಾಸ್ ನೇತಾಡುತ್ತಿರುತ್ತದೆ. ಟಿಯೆಸ್ಟೊ, ಫೆರ್ರಿ ಕೊರ್ಸ್ಟನ್, ಆರ್ಮಿನ್ ವಾನ್ ಬ್ಯೂರನ್ ಅನ್ನುವ ಡಚ್ ಡಿಜೆಗಳೆಲ್ಲಾ ದಾರಿ ಮಾಡಿಕೊಟ್ಟಿದ್ದರು. ಆರ್ಮಿನ್ ಕಾನೂನು ಪದವೀಧರ ಅಂತ ಗೊತ್ತಾ? ಮಗ ಡಿಜೆ ಆಗುತ್ತೇನೆ ಅಂದರೆ ಇಲ್ಲಿಯ ಅಪ್ಪ ಅಮ್ಮ ಗಾಬರಿ ಬೀಳುವುದು ಕಡಿಮೆ. ಕಣ್ಣ ಮುಂದೆ ಅಷ್ಟು ಉದಾಹರಣೆಗಳಿವೆ.

ಹಾಗಾಗಿ ನಾನು ಹೇಳುವುದು, ಹುಡುಗನ ಪ್ರತಿಭೆ ಎಷ್ಟೋ, ಆ ಪ್ರತಿಭೆಗೆ ಸಿಕ್ಕ ನೆಲವೂ ಅಷ್ಟೇ ಮುಖ್ಯ.

ಲೂಪ್_ಹುಡುಗ

ಬಸಣ್ಣ, ಅಕ್ಕ, ಇಬ್ಬರಿಗೂ ತುಂಬಾ ಥ್ಯಾಂಕ್ಸ್. 2012ರ ಹಾಡುಗಳನ್ನು ಈಗಷ್ಟೇ ಕೇಳಿದೆ. ‘ಬಿಎಫ್‌ಎಎಂ’ ಕೇಳಿದರೆ ಆಮೇಲಿನ ಮಾರ್ಟಿನ್ ಅಲ್ಲಲ್ಲಿ ಇಣುಕುತ್ತಾನೆ ನಿಜ.

ಇನ್ನೊಂದು ಪ್ರಶ್ನೆ. ‘ಅನಿಮಲ್ಸ್’ ಡ್ರಾಪ್‌ನಲ್ಲಿ (ಎಲ್ಲಾ ಏರಿ ನಿಂತು ಒಮ್ಮೆಲೇ ಬೀಟ್ ಬೀಳುವ ಭಾಗ) ಏನೂ ಇಲ್ಲವಲ್ಲ! ರಾಗ ಇಲ್ಲ, ಹಾಡುವವರು ಇಲ್ಲ. ಆದರೂ ಯಾಕೆ ಅಷ್ಟು ಹೊಡೆಯುತ್ತದೆ? ನಾನು ಒಂದರ ಮೇಲೊಂದು ಹತ್ತಾರು ಶಬ್ದದ ಲೇಯರ್ ಹಾಕಿದರೂ ನನ್ನ ಡ್ರಾಪ್ ಸಪ್ಪೆ.

ಕಿಕ್_ಮತ್ತು_ಬೇಸ್ (ಬೆಂಗಳೂರು)

ನಾನು ಲೈವ್ ಸೌಂಡ್ ಕೆಲಸ ಮಾಡುವವನು. ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ. ಏನೂ ಇಲ್ಲ, ಅದಕ್ಕೇ ಹೊಡೆಯುತ್ತದೆ.

ದೊಡ್ಡ ಮೈದಾನದಲ್ಲಿ ಸ್ಪೀಕರ್ ಹಾಕಿದಾಗ ಶಬ್ದ ಎಲ್ಲೆಲ್ಲಿಗೋ ಬಡಿದು ವಾಪಸ್ ಬರುತ್ತದೆ. ಹತ್ತು ಲೇಯರ್ ಹಾಕಿದರೆ ಎಲ್ಲಾ ಕಲಸಿ ಗಜಿಬಿಜಿ. ಈ ಬಗೆಯ ಮ್ಯೂಸಿಕ್ಕಿಗೆ ಬಿಗ್ ರೂಮ್ ಅಂತ ಹೆಸರು ಬಂದಿದ್ದು ಸುಮ್ನೆ ಅಲ್ಲ, ಇದನ್ನು ಕಟ್ಟುವುದೇ ದೊಡ್ಡ ಜಾಗಕ್ಕೆ. ಹಾಡು ನಿಮಿಷಕ್ಕೆ 128 ಬೀಟ್. ಮೊದಲ ಭಾಗದಲ್ಲಿ ಒಂದು ಚಿಕ್ಕ ರಾಗ ಮೆಲ್ಲಗೆ ಬರುತ್ತದೆ. ಅದೇ ಕಿವಿಯಲ್ಲಿ ಉಳಿಯಬೇಕು. ಆಮೇಲೆ ಬಿಲ್ಡಪ್‌ನಲ್ಲಿ, ಅಂದರೆ ಡ್ರಾಪ್‌ಗೆ ಮುಂಚೆ ಏರುವ ಭಾಗದಲ್ಲಿ, ಸ್ನೇರ್ ಡ್ರಮ್ಮಿನ ಏಟು ದಟ್ಟವಾಗುತ್ತಾ ಹೋಗುತ್ತದೆ, ಕೆಳಗಿನ ಬೇಸ್ ಖಾಲಿಯಾಗುತ್ತದೆ. ಕಿವಿ ಬೇಸ್‌ಗಾಗಿ ಕಾಯುತ್ತಿರುತ್ತದೆ. ಒಂದು ಕ್ಷಣ ಎಲ್ಲಾ ನಿಂತು ಒಂದು ಸಾಲು ಮಾತು ಬರುತ್ತದೆ, ಅಷ್ಟೇ, ಆಮೇಲೆ ಡ್ರಾಪ್. ಅಲ್ಲಿರುವುದು ಉದ್ದ ಬಾಲದ ಒಂದು ದಪ್ಪ ಕಿಕ್ (ದೊಡ್ಡ ಡ್ರಮ್ಮಿನ ಏಟು) ಮತ್ತು ಮರಕ್ಕೆ ತಟ್ಟಿದ ಹಾಗೆ ಕೇಳುವ ಒಂದು ಚಿಕ್ಕ ಲೀಡ್ (ಎದ್ದು ಕೇಳುವ ಮುಖ್ಯ ಶಬ್ದ). ಆ ಲೀಡ್ ಅರ್ಧ ರಾಗ, ಅರ್ಧ ತಾಳ. ಎರಡು ಏಟಿನ ನಡುವೆ ಜಾಗ ಬಿಟ್ಟಿದ್ದಾನೆ, ಅದಕ್ಕೇ ಸ್ಪೀಕರಿಗೆ ಉಸಿರಾಡಲು ಆಗುತ್ತದೆ.

ನಿಮ್ಮ ಡ್ರಾಪ್ ಸಪ್ಪೆ ಆಗಲು ಇನ್ನೊಂದು ಕಾರಣ ಸೈಡ್‌ಚೈನ್ ಇಲ್ಲದಿರುವುದೂ ಇರಬಹುದು. ತೇರು ಬಂದಾಗ ಜನ ಪಕ್ಕಕ್ಕೆ ಸರಿದು ದಾರಿ ಬಿಟ್ಟು, ಮುಂದೆ ಹೋದ ಮೇಲೆ ಮತ್ತೆ ಕೂಡಿಕೊಳ್ಳುತ್ತಾರಲ್ಲ, ಹಾಗೆ ಕಿಕ್ ಬಂದಾಗ ಉಳಿದ ಶಬ್ದಗಳು ತಗ್ಗಬೇಕು. ಎಫ್‌ಎಲ್‌ನಲ್ಲಿ ಲಿಮಿಟರ್ ಮೂಲಕವೇ ಇದನ್ನು ಮಾಡಬಹುದು, ಹೊಸ ಪ್ಲಗಿನ್ ಕೊಳ್ಳಬೇಕಿಲ್ಲ. ಬಿಲ್ಡಪ್‌ನಲ್ಲಿ ಬೇಸ್ ಕತ್ತರಿಸಿ. ಡ್ರಾಪ್‌ನಲ್ಲಿ ಲೇಯರ್‌ಗಳನ್ನು ಒಂದೊಂದಾಗಿ ಮ್ಯೂಟ್ ಮಾಡುತ್ತಾ ಬನ್ನಿ. ತೆಗೆದಾಗ ವ್ಯತ್ಯಾಸವೇ ಗೊತ್ತಾಗದ ಲೇಯರ್ ಬೇಡವೇ ಬೇಡ.

ಇನ್ನೊಂದು. ಅವನು ಅದೇ ಡ್ರಾಪನ್ನು ಹಿಡಿದುಕೊಂಡು ಕೂರಲಿಲ್ಲ. 2015ರಲ್ಲಿ ಸ್ವೀಡನ್ನಿನ ಡಿಜೆ ಅವಿಚಿ ಜೊತೆ ಕೂತು ‘ವೇಟಿಂಗ್ ಫಾರ್ ಲವ್’ ಮಾಡಿದ. 2016ರಲ್ಲಿ ಬೀಬಿ ರೆಕ್ಸಾ ಹಾಡಿದ ‘ಇನ್ ದ ನೇಮ್ ಆಫ್ ಲವ್’, 2017ರಲ್ಲಿ ದುವಾ ಲಿಪಾ ಹಾಡಿದ ‘ಸ್ಕೇರ್ಡ್ ಟು ಬಿ ಲೋನ್ಲಿ’ ಬಂದವು. ಇವು ರಾಗ, ಸಾಹಿತ್ಯ ಇರುವ ಪೂರ್ತಿ ಹಾಡುಗಳು. ಬಿಗ್ ರೂಮ್ ಅಲೆ ಇಳಿಯುವ ಹೊತ್ತಿಗೆ ಇವನು ಬೇರೆ ದಡ ಸೇರಿದ್ದ. ಆ ಅಲೆಯಲ್ಲಿ ಬಂದ ಎಷ್ಟೋ ಜನರ ಹೆಸರು ಈಗ ಯಾರ ನೆನಪಲ್ಲೂ ಇಲ್ಲ. ನನ್ನ ಮಟ್ಟಿಗೆ ಅವನ ನಿಜವಾದ ಸಾಮರ್ಥ್ಯ ಕಾಣುವುದು ಇಲ್ಲಿ.

ಹಳೇ_ಕ್ಯಾಸೆಟ್ (ಶಿವಮೊಗ್ಗ)

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

‘ಅನಿಮಲ್ಸ್’ ಒಳ್ಳೇ ಕೆಲಸ, ಒಪ್ಪುತ್ತೇನೆ. ಆದರೆ ಅದೇ ಟ್ರ್ಯಾಕನ್ನು ಹೆಸರಿಲ್ಲದ ಹುಡುಗ ತಾನೇ ಅಪ್‌ಲೋಡ್ ಮಾಡಿದ್ದರೆ? ಸ್ಪಿನ್ನಿನ್‌ನಂಥ ಕಂಪನಿಯ ಯೂಟ್ಯೂಬ್ ಚಾನೆಲ್ಲು, ದೊಡ್ಡ ಡಿಜೆಗಳ ಸ್ನೇಹ, ಯಾರ ಹಾಡು ಅಂತ ಗುಟ್ಟಾಗಿಟ್ಟು ಕುತೂಹಲ ಬೆಳೆಸಿದ ಜಾಣತನ, ಇದೆಲ್ಲಾ ಸೇರಿದ್ದರಿಂದ ಅದು ಹಾಗೆ ಸಿಡಿಯಿತು. ವಿಡಿಯೋ 100 ಕೋಟಿ ವೀಕ್ಷಣೆ ದಾಟಿದೆ. ಅಷ್ಟು ಜನರ ಹತ್ತಿರ ಹಾಡು ತಾನಾಗಿ ನಡೆದು ಹೋಗುವುದಿಲ್ಲ.

ನಂಬರ್ 1 ಡಿಜೆ ಅನ್ನುವ ಪಟ್ಟವೂ ಅಷ್ಟೇ. ಡಿಜೆ ಮ್ಯಾಗ್ ಪತ್ರಿಕೆಯ ನೂರು ಡಿಜೆಗಳ ಪಟ್ಟಿ ಜನ ವೋಟು ಹಾಕಿ ಮಾಡುವ ಪಟ್ಟಿ. 2013ರಲ್ಲಿ ಅವನು 40ನೇ ಸ್ಥಾನ, ಮರು ವರ್ಷ 4, ಆಮೇಲೆ 3, 2016ರಲ್ಲಿ 1. ಆಗ 20 ವರ್ಷ, ಆ ಪಟ್ಟಕ್ಕೆ ಏರಿದ ಅತಿ ಕಿರಿಯ. ಸಾಲಾಗಿ ಮೂರು ವರ್ಷ ಉಳಿಸಿಕೊಂಡ, 2022 ಮತ್ತು 2024ರಲ್ಲಿ ಮತ್ತೆ ಪಡೆದ. ಇದು ಜನಪ್ರಿಯತೆಯ ಅಳತೆ. ಅವನಿಗಿಂತ ಚೆನ್ನಾಗಿ ಸೆಟ್ ನುಡಿಸುವವರು ಆ ನೂರರಲ್ಲಿ ಎಲ್ಲೋ ಕೆಳಗಿರಬಹುದು, ಪಟ್ಟಿಯ ಹೊರಗೇ ಇರಬಹುದು. 17ರ ಹುಡುಗರು ಈ ಪಟ್ಟಿ ನೋಡಿ ತಮ್ಮನ್ನು ಅಳೆದುಕೊಳ್ಳುವುದು ನನಗೆ ಸಂಕಟ ಕೊಡುತ್ತದೆ. 17ಕ್ಕೆ ಆಗದಿದ್ದರೆ ಆಗಲೇ ಇಲ್ಲ ಅಂತಲ್ಲ.

ಬೀಟ್_ಬಸಣ್ಣ (ಹುಬ್ಬಳ್ಳಿ)

ಕ್ಯಾಸೆಟ್ ಸರ್, ವೋಟಿನ ಮಾತು ಪೂರ್ತಿ ಒಪ್ಪಿದೆ. ವಯಸ್ಸಿನ ಮಾತಂತೂ ನೂರಕ್ಕೆ ನೂರು. ಆದರೆ ಕಂಪನಿ ಎತ್ತಿ ನಿಲ್ಲಿಸಿತು ಅನ್ನುವುದಕ್ಕೆ ಒಂದು ಉತ್ತರ ಇದೆ. ಆ ಕಂಪನಿಯನ್ನು ಅವನು 2015ರಲ್ಲೇ ಬಿಟ್ಟ, ಜಗಳ ಮಾಡಿಕೊಂಡು ಬಿಟ್ಟ. ಬಿಟ್ಟ ಮೇಲೇ ನಂಬರ್ 1 ಆಗಿದ್ದು. ಅದೂ ಹೇಗೆ, 2016ರಲ್ಲಿ ಸ್ಟ್ಯಾಂಪ್ಡ್ ರೆಕಾರ್ಡ್ಸ್ ಅಂತ ಸ್ವಂತ ಲೇಬಲ್ (ರೆಕಾರ್ಡ್ ಕಂಪನಿ) ಮಾಡಿ, ಅದೇ ಅಕ್ಟೋಬರ್‌ನಲ್ಲಿ ಎಡಿಇ ಹೊತ್ತಿಗೆ ದಿನಕ್ಕೊಂದರಂತೆ ಏಳು ಹಾಡು ಬಿಟ್ಟ. ಎತ್ತಿ ನಿಲ್ಲಿಸಿದವರ ಕೈ ಬಿಟ್ಟ ಮೇಲೂ ನಿಂತನಲ್ಲ.

ಕರಾರು_ಓದಿ (ಬೆಂಗಳೂರು)

ಆ ಜಗಳವನ್ನು ಒಂದು ಸಾಲಿನಲ್ಲಿ ಮುಗಿಸಬೇಡಿ ಬಸಣ್ಣ. ಈ ಇಡೀ ಕಥೆಯಲ್ಲಿ ಹೊಸಬರು ಕಲಿಯಬೇಕಾದ್ದು ಜಾಸ್ತಿ ಇರುವುದೇ ಅಲ್ಲಿ. ನಾನು ವಕೀಲ, ಕಲಾವಿದರ ಕರಾರು ನೋಡುವುದು ನನ್ನ ದಿನದ ಕೆಲಸ.

ಮಾರ್ಟಿನ್ 2012ರಲ್ಲಿ ಸಹಿ ಹಾಕಿದಾಗ ಅವನಿಗೆ 16. ಸ್ಪಿನ್ನಿನ್ ರೆಕಾರ್ಡ್ಸ್ ಜೊತೆ ಒಂದು ಕರಾರು, ಮ್ಯೂಸಿಕ್ ಆಲ್‌ಸ್ಟಾರ್ಸ್ ಅನ್ನುವ ಮ್ಯಾನೇಜ್‌ಮೆಂಟ್ ಸಂಸ್ಥೆ ಜೊತೆ ಇನ್ನೊಂದು. ತೊಡಕು ಏನೆಂದರೆ ಎರಡರ ಹಿಂದೆಯೂ ಇದ್ದದ್ದು ಒಬ್ಬರೇ, ಸ್ಪಿನ್ನಿನ್ ಕಟ್ಟಿದವರಲ್ಲಿ ಒಬ್ಬರಾದ ಏಲ್ಕೊ ವಾನ್ ಕೂಟನ್. ಮ್ಯಾನೇಜರ್ ಅಂದರೆ ಕಲಾವಿದನ ಪರವಾಗಿ ಕಂಪನಿಯ ಜೊತೆ ಚೌಕಾಸಿ ಮಾಡಬೇಕಾದವನು. ಮೇಜಿನ ಎರಡೂ ಕಡೆ ಒಬ್ಬನೇ ಕೂತರೆ ಹುಡುಗನ ಪರ ಮಾತಾಡುವವರು ಯಾರು?

2015ರ ಆಗಸ್ಟ್‌ನಲ್ಲಿ ಮಾರ್ಟಿನ್ ಎರಡನ್ನೂ ಬಿಟ್ಟ. ಕೇಳಿದ್ದು ಮುಖ್ಯವಾಗಿ ತನ್ನ ಹಾಡುಗಳ ಮಾಸ್ಟರ್ ಹಕ್ಕು. ತನಗೆ ಸರಿಯಾದ ಮಾಹಿತಿ ಕೊಡದೆ ದಾರಿ ತಪ್ಪಿಸಿ ಸಹಿ ಹಾಕಿಸಿಕೊಂಡರು ಅನ್ನುವುದು ಅವನ ದೂರು. ಕಂಪನಿ ಅದನ್ನು ಒಪ್ಪಲಿಲ್ಲ, ವಿಷಯ ಕೋರ್ಟಿಗೆ ಹೋಯಿತು. 2017ರ ಸೆಪ್ಟೆಂಬರ್‌ನಲ್ಲಿ ಡಚ್ ನ್ಯಾಯಾಲಯ ಅವನ ಪರ ತೀರ್ಪು ಕೊಟ್ಟಿತು. ಅದೇ ತಿಂಗಳು ಸ್ಪಿನ್ನಿನ್ ಅನ್ನು ದೊಡ್ಡ ಕಂಪನಿ ವಾರ್ನರ್ ಮ್ಯೂಸಿಕ್ ಕೊಂಡುಕೊಂಡಿತ್ತು.

ಮಾಸ್ಟರ್ ಅಂದರೇನು ಅಂತ ಹುಡುಗನಿಗೆ ಹೇಳಬೇಕು. ಒಂದು ಹಾಡಿನಲ್ಲಿ ಎರಡು ಬೇರೆ ಬೇರೆ ಆಸ್ತಿ ಇವೆ. ಒಂದು ರಚನೆ, ಅಂದರೆ ರಾಗ ಮತ್ತು ಸಾಹಿತ್ಯ. ಇನ್ನೊಂದು ರೆಕಾರ್ಡಿಂಗ್, ಅಂದರೆ ನಿಮ್ಮ ಕಂಪ್ಯೂಟರಿನಿಂದ ಹೊರಬಂದ ಆ ಧ್ವನಿ ಫೈಲು. ಅದೇ ಮಾಸ್ಟರ್. ಸ್ಟ್ರೀಮಿಂಗ್, ಸಿನಿಮಾ, ಜಾಹೀರಾತು ಎಲ್ಲೆಲ್ಲಿ ಆ ಫೈಲು ನುಡಿಯುತ್ತದೋ ಅಲ್ಲೆಲ್ಲಾ ಮಾಸ್ಟರ್ ಯಾರದೋ ಅವರಿಗೆ ಹಣ. ಇಡಿಎಂನಲ್ಲಿ ಮನೆಯಲ್ಲಿ ಕೂತು ರೆಕಾರ್ಡಿಂಗ್ ಮಾಡಿದವನು ಪ್ರೊಡ್ಯೂಸರೇ. ಸ್ಟುಡಿಯೋ ಬಾಡಿಗೆ, ವಾದ್ಯದವರ ಸಂಬಳ ಯಾವುದನ್ನೂ ಕಂಪನಿ ಕೊಟ್ಟಿರುವುದಿಲ್ಲ. ಹಾಗಿರುವಾಗ ಮಾಸ್ಟರ್ ಪೂರ್ತಿ ಅವರದಾಗಬೇಕು ಯಾಕೆ? ಅವನು ಎತ್ತಿದ ಪ್ರಶ್ನೆಯ ತಿರುಳು ಇದು.

19 ವರ್ಷದ ಹುಡುಗ, ಕೈಯಲ್ಲಿ ಪ್ರಪಂಚದ ಹಿಟ್ ಇರುವಾಗ, ತನ್ನನ್ನು ಬೆಳಕಿಗೆ ತಂದ ಕಂಪನಿಯ ಎದುರು ನಿಲ್ಲುವುದು ಸಣ್ಣ ಮಾತಲ್ಲ. ನನಗೆ ಅವನ ಮೇಲೆ ಗೌರವ ಹುಟ್ಟಿದ್ದು ಹಾಡಿನಿಂದಲ್ಲ, ಇದರಿಂದ.

ಲೂಪ್_ಹುಡುಗ

ಸರ್, ಇದನ್ನು ಓದಿ ಎದೆ ಡವ ಡವ ಅಂತಿದೆ. ಹೇಳೋದೋ ಬೇಡವೋ ಅಂತಿದ್ದೆ, ಈಗ ಕೇಳಿಬಿಡುತ್ತೇನೆ.

ನಾನು ಇನ್‌ಸ್ಟಾದಲ್ಲಿ ಒಂದು ಟ್ರ್ಯಾಕಿನ ತುಣುಕು ಹಾಕಿದ್ದೆ, ಮುಗಿಸಿರುವ ಒಂದೇ ಟ್ರ್ಯಾಕ್ ಅದು. ಒಂದು ಲೇಬಲ್ ಪೇಜಿನವರು ಮೆಸೇಜ್ ಮಾಡಿ ನಾವು ಬಿಡುಗಡೆ ಮಾಡುತ್ತೇವೆ ಅಂದರು. ಪಿಡಿಎಫ್ ಕಳಿಸಿದ್ದಾರೆ, ಮೂರು ದಿನದಲ್ಲಿ ಸಹಿ ಹಾಕಿ ವಾಪಸ್ ಕಳಿಸಬೇಕಂತೆ. ಅದರಲ್ಲಿ ರೆಕಾರ್ಡಿಂಗಿನ ಎಲ್ಲಾ ಹಕ್ಕುಗಳನ್ನು ಶಾಶ್ವತವಾಗಿ, ಪ್ರಪಂಚದಾದ್ಯಂತ ಬಿಟ್ಟುಕೊಡುತ್ತೇನೆ ಅಂತ ಇದೆ. ಮುಂದಿನ ಐದು ವರ್ಷ ನಾನು ಮಾಡುವ ಟ್ರ್ಯಾಕುಗಳನ್ನು ಮೊದಲು ಅವರಿಗೇ ತೋರಿಸಬೇಕು ಅಂತಲೂ ಇದೆ. ಬರುವ ಹಣದಲ್ಲಿ ಖರ್ಚು ಕಳೆದು ನನಗೆ ಪಾಲು ಕೊಡುತ್ತಾರಂತೆ. ಖುಷಿಯಲ್ಲಿ ಸಹಿ ಹಾಕೋಣ ಅಂತಲೇ ಇದ್ದೆ. ಅಪ್ಪನಿಗೆ ಇನ್ನೂ ಹೇಳಿಲ್ಲ.

ಕಿಕ್_ಮತ್ತು_ಬೇಸ್ (ಬೆಂಗಳೂರು)

ಸಹಿ ಹಾಕಬೇಡಿ! ವಕೀಲರು ಉತ್ತರ ಕೊಡುವವರೆಗೂ ಆ ಮೆಸೇಜಿಗೆ ಓಕೆ ಅಂತಲೂ ಕಳಿಸಬೇಡಿ.

ನನ್ನ ಗೆಳೆಯನೊಬ್ಬನಿಗೆ ಹೀಗೇ ಆಯಿತು. ಅವನ ಟ್ರ್ಯಾಕು ಒಂದು ಜಾಹೀರಾತಿನಲ್ಲಿ ಬಂತು, ನಾವೆಲ್ಲಾ ಟಿವಿ ಮುಂದೆ ಕೂತು ಚಪ್ಪಾಳೆ ಹೊಡೆದೆವು. ಅವನ ಕೈಗೆ ಒಂದು ರೂಪಾಯಿ ಬರಲಿಲ್ಲ. ಖರ್ಚು ಕಳೆದು ಅನ್ನುವ ಒಂದೇ ಮಾತಿನಲ್ಲಿ ಎಲ್ಲಾ ಕಳೆದುಹೋಗಿತ್ತು.

ಆಮ್‌ಸ್ಟೆಲ್ವೀನ್_ಕನ್ನಡತಿ

ಮೊದಲು ಅಪ್ಪನಿಗೆ ಹೇಳಪ್ಪ. ಮಾರ್ಟಿನ್ ಕರಾರಿಗೂ ಅವನ ಅಪ್ಪನ ಸಹಿ ಇತ್ತು. ಕೋರ್ಟಿಗೆ ಹೋದಾಗಲೂ ಮನೆಯವರು ಜೊತೆಗಿದ್ದರು. ಬೈಯುತ್ತಾರೆ ಅಂತ ಹೆದರಬೇಡ. ಟ್ರ್ಯಾಕು ಕೇಳಿಸಿ ಆಮೇಲೆ ಮಾತು ಶುರು ಮಾಡು.

ಕರಾರು_ಓದಿ (ಬೆಂಗಳೂರು)

ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದು, ನಿಮಗೆ 18 ತುಂಬಿಲ್ಲ. 1872ರ ಭಾರತೀಯ ಕರಾರು ಕಾಯ್ದೆ ಪ್ರಕಾರ ನೀವೊಬ್ಬರೇ ಹಾಕಿದ ಸಹಿಗೆ ಬೆಲೆ ಇಲ್ಲ. ಇದು ಆ ಪೇಜಿನವರಿಗೆ ಗೊತ್ತಿರಬೇಕು. ಗೊತ್ತಿದ್ದೂ ವಯಸ್ಸು ಕೇಳದೆ ಕಳಿಸಿದ್ದಾರೆ ಅಂದರೆ ಅವರು ಎಂಥವರು ಅಂತ ಅಲ್ಲೇ ತಿಳಿಯುತ್ತದೆ. ಆದರೂ ಕಾನೂನು ಕಾಪಾಡುತ್ತದೆ ಅಂತ ಸಹಿ ಹಾಕಿ ಕಳಿಸಬೇಡಿ. ಫೈಲು ಒಮ್ಮೆ ಅವರ ಹೆಸರಲ್ಲಿ ಎಲ್ಲಾ ಕಡೆ ಅಪ್‌ಲೋಡ್ ಆದರೆ ಇಳಿಸುವುದು ದೊಡ್ಡ ತಲೆನೋವು.

ಮೂರು ದಿನದ ಗಡುವು ಬರೀ ಒತ್ತಡ. ನಿಮ್ಮ ಟ್ರ್ಯಾಕು ನಿಜವಾಗಿ ಬೇಕಾದವರು ಮೂರು ವಾರವೂ ಕಾಯುತ್ತಾರೆ.

ಶಾಶ್ವತ ಅನ್ನುವ ಪದ ಹೋಗಬೇಕು. ಹಕ್ಕು ಬರೆದುಕೊಡುವ ಬದಲು ಇಂತಿಷ್ಟು ವರ್ಷಕ್ಕೆ ಬಳಸಲು ಅನುಮತಿ ಕೊಡಿ, ಅದು ಮುಗಿದ ಮೇಲೆ ಮಾಸ್ಟರ್ ನಿಮ್ಮ ಕೈಗೆ ವಾಪಸ್ ಬರುತ್ತದೆ ಅಂತ ಸ್ಪಷ್ಟವಾಗಿ ಬರೆಸಿ. ಒಂದೇ ಟ್ರ್ಯಾಕಿಗೆ ಕರಾರು, ಮುಂದಿನವುಗಳ ಮಾತೇ ಬೇಡ. ಐದು ವರ್ಷ ಅಂದರೆ ನಿಮಗೆ 22 ಆಗುತ್ತದೆ, ಅಷ್ಟರಲ್ಲಿ ನೀವು ಮಾಡುವ ಎಲ್ಲವೂ ಅವರ ಬಾಗಿಲ ಮುಂದೆ ಸಾಲು ನಿಲ್ಲಬೇಕಾಗುತ್ತದೆ. ಖರ್ಚು ಅಂದರೆ ಯಾವ ಯಾವ ಖರ್ಚು, ಗರಿಷ್ಠ ಎಷ್ಟು, ಲೆಕ್ಕ ಯಾವಾಗ ಕೊಡುತ್ತಾರೆ, ಇವು ಅಂಕಿಯಲ್ಲಿ ಬರಬೇಕು. ರಚನೆಯ ಹಕ್ಕು ನಿಮ್ಮಲ್ಲೇ ಉಳಿಯುತ್ತದೆ ಅಂತ ಒಂದು ಸಾಲು ಸೇರಿಸಿ. ಅದರ ರಾಯಲ್ಟಿ ವಸೂಲಿಗೆ ಐಪಿಆರ್‌ಎಸ್ ಅನ್ನುವ ಸಂಘ ಇದೆ, ಸಂಗೀತ ರಚಿಸುವವರು ಅಲ್ಲಿ ಸದಸ್ಯರಾಗಬಹುದು.

ನಿಮ್ಮ ಪ್ರಾಜೆಕ್ಟ್ ಫೈಲನ್ನು ಯಾರಿಗೂ ಕೊಡಬೇಡಿ. ಹಾಡು ನಿಮ್ಮದು ಅನ್ನುವುದಕ್ಕೆ ಅದೇ ಗಟ್ಟಿ ಸಾಕ್ಷಿ. ಇನ್ನೊಂದು ಡ್ರೈವಿನಲ್ಲೂ ಒಂದು ನಕಲು ಇಟ್ಟುಕೊಳ್ಳಿ.

ಆ ಪಿಡಿಎಫ್ ಅನ್ನು ಅಪ್ಪನ ಜೊತೆ ಕೂತು ಪೂರ್ತಿ ಓದಿ. ಆಮೇಲೆ ನಿಮ್ಮ ಹೆಸರು, ಫೋನ್ ನಂಬರ್ ಅಳಿಸಿ ನನಗೆ ಖಾಸಗಿ ಮೆಸೇಜಿನಲ್ಲಿ ಕಳಿಸಿ. ಈ ಭಾನುವಾರ ನೋಡಿ ಯಾವ ಸಾಲು ತೆಗೆಯಬೇಕು ಅಂತ ಗುರುತು ಹಾಕಿ ಕೊಡುತ್ತೇನೆ, ಶುಲ್ಕ ಏನೂ ಬೇಡ.

ಲೂಪ್_ಹುಡುಗ

ಅಪ್ಪನಿಗೆ ಹೇಳಿದೆ ಸರ್. ಬೈಯಲಿಲ್ಲ. ಕನ್ನಡಕ ಹಾಕಿಕೊಂಡು ಎರಡನೇ ಪುಟ ಓದುತ್ತಿದ್ದಾರೆ, ಪ್ರತಿ ಸಾಲಿಗೂ ಇದರ ಅರ್ಥ ಏನು ಅಂತ ಕೇಳುತ್ತಿದ್ದಾರೆ. ಮುಗಿದ ತಕ್ಷಣ ಕಳಿಸುತ್ತೇನೆ.